ಕ್ರೀಡೆಯಲ್ಲಿ ರಕ್ಷಣೆ ಮತ್ತು ಕರುಣೆ: ಪೂಲ್ ಆಟವನ್ನು ಕುರಿತು ಒಂದು ವಿಚಾರ

ಆಟವೆಂಬುದು ವಿನೋದಕ್ಕಾಗಿ ಹುಟ್ಟಿದುದಾದರೂ ಅದರಲ್ಲಿ ಮನುಷ್ಯನ ಶೀಲವು ಬೆಳಕಿಗೆ ಬರುವಷ್ಟು ಬೇರೆಡೆಯಲ್ಲಿ ಬರುವುದು ವಿರಳ. ಗೆದ್ದವನು ಹೇಗೆ ನಡೆದುಕೊಳ್ಳಬೇಕು, ಸೋತವನು ಹೇಗೆ ಸಮಾಧಾನ ತಾಳಬೇಕು ಎಂಬುದನ್ನು ನಾವೆಲ್ಲರೂ ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ತನಗಿಂತ ಬಹಳ ಎಳೆಯನಾದ ಎದುರಾಳಿಯೊಡನೆ ಆಡುವ ಬಲ್ಲವನು ತನ್ನ ಬಲವನ್ನೆಲ್ಲ ತೋರಬೇಕೆ, ಸ್ವಲ್ಪ ಹಿಡಿದು ಆಡಬೇಕೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ವಿಚಾರಿಸಿದಂತಿಲ್ಲ. ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ. ಶ್ರೀಮಠದ ಜಾತ್ರೆಗೆಂದು ಬಂದವನು ಗದ್ದುಗೆಗೆ ನಮಸ್ಕರಿಸಿ ನೇರವಾಗಿ ನಮ್ಮ ಮನೆಗೆ ಬಂದ. ಕುಶಲಪ್ರಶ್ನೆಗಳಾದ ಮೇಲೆ, "ಗುರುಗಳೆ, ಒಂದು ಮಾತು ಕೇಳಬೇಕಾಗಿದೆ. ನಾನು ಆಟದಲ್ಲಿ ಒಬ್ಬ ಹಿರಿಯರನ್ನು ಸೋಲಿಸಿದೆ. ಯಾವ ನಿಯಮವನ್ನೂ ಮೀರಲಿಲ್ಲ. ಆದರೂ ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ" ಎಂದ.

ಅವನು ಹೇಳಿದ ಆಟದ ಹೆಸರು ಪೂಲ್. ಇದರ ಪರಿಚಯ ನಮ್ಮಲ್ಲಿ ಹಲವರಿಗೆ ಇರಲಾರದು. ಕೇರಂ ಆಟವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಕೇರಂ ಹಲಗೆಯ ಬದಲು ಬಟ್ಟೆ ಹೊದಿಸಿದ ದೊಡ್ಡ ಮೇಜು. ನಾಲ್ಕು ಗುಳಿಗಳ ಬದಲು ಆರು. ಕಾಯಿಗಳ ಬದಲು ಚೆಂಡುಗಳು. ಸ್ಟ್ರೈಕರಿನ ಬದಲು ಒಂದು ಬಿಳಿಯ ಚೆಂಡು. ಬೆರಳಿನಿಂದ ಹೊಡೆಯುವ ಬದಲು ಕ್ಯೂ ಎಂಬ ಉದ್ದನೆಯ ಕೋಲಿನಿಂದ ಬಿಳಿಯ ಚೆಂಡನ್ನು ಹೊಡೆದು, ಅದರಿಂದ ಮಿಕ್ಕ ಚೆಂಡುಗಳನ್ನು ಗುಳಿಗೆ ಕೆಡಹಬೇಕು. ದೊಡ್ಡ ಪಂದ್ಯಗಳ ಮೇಜಿನ ಆಡುವ ಭಾಗವು 100 ಅಂಗುಲ ಉದ್ದ, 50 ಅಂಗುಲ ಅಗಲ. ಚೆಂಡಿನ ವ್ಯಾಸ ಎರಡೂಕಾಲು ಅಂಗುಲ. ಎಂಟು ಚೆಂಡಿನ ಆಟವೆಂಬ ಪ್ರಕಾರದಲ್ಲಿ 1ರಿಂದ 7ರವರೆಗಿನ ಚೆಂಡುಗಳು ಒಬ್ಬನ ಪಾಲಿಗೆ, 9ರಿಂದ 15ರವರೆಗಿನವು ಇನ್ನೊಬ್ಬನ ಪಾಲಿಗೆ ಬರುತ್ತವೆ. ತನ್ನ ಏಳನ್ನೂ ಮುಗಿಸಿದವನು ಕಡೆಗೆ ಎಂಟನೆಯ ಕಪ್ಪು ಚೆಂಡನ್ನು ಗುಳಿಗೆ ಹಾಕಿದರೆ ಆಟ ಗೆದ್ದಂತೆ. ಒಂಬತ್ತು ಚೆಂಡಿನ ಆಟದಲ್ಲಾದರೆ, ಮೇಜಿನ ಮೇಲೆ ಉಳಿದಿರುವ ಅತಿ ಕಡಿಮೆ ಸಂಖ್ಯೆಯ ಚೆಂಡಿಗೇ ಬಿಳಿಯ ಚೆಂಡು ಮೊದಲು ತಾಗಬೇಕು. ಒಂಬತ್ತನೆಯದನ್ನು ನಿಯಮದಂತೆ ಕೆಡಹಿದವನು ಗೆಲ್ಲುತ್ತಾನೆ.

ನಮ್ಮ ವಿಚಾರಕ್ಕೆ ಮುಖ್ಯವಾದುದು ಫೌಲ್ ಎಂಬ ದೋಷ. ಬಿಳಿಯ ಚೆಂಡು ತಾಗಬೇಕಾದ ಚೆಂಡಿಗೆ ಮೊದಲು ತಾಗದಿದ್ದರೆ, ಅಥವಾ ತಾಗಿದ ಮೇಲೆ ಯಾವ ಚೆಂಡೂ ಗುಳಿಗೆ ಬೀಳದೆ, ಯಾವುದೂ ಅಂಚಿನ ರಬ್ಬರಿಗೆ ಮುಟ್ಟದೆ ನಿಂತರೆ ಫೌಲ್ ಆಗುತ್ತದೆ. ಆಗ ಎದುರಾಳಿಯು ಬಿಳಿಯ ಚೆಂಡನ್ನು ಕೈಯಲ್ಲಿ ಎತ್ತಿ, ಮೇಜಿನ ಮೇಲೆ ತನಗೆ ಬೇಕಾದ ಕಡೆ ಇಟ್ಟು ಆಡಬಹುದು. ಆಟ ಬಲ್ಲವನಿಗೆ ಇದಕ್ಕಿಂತ ದೊಡ್ಡ ವರವಿಲ್ಲ.

ಹೀಗಿರುವುದರಿಂದ ಈ ಆಟದಲ್ಲಿ ಚೆಂಡನ್ನು ಕೆಡಹುವ ವಿದ್ಯೆಯಷ್ಟೇ ಮುಖ್ಯವಾದ ಇನ್ನೊಂದು ವಿದ್ಯೆ ಬೆಳೆದಿದೆ. ಅದನ್ನು ಸೇಫ್ಟಿ ಎನ್ನುತ್ತಾರೆ. ನಾವು ರಕ್ಷಣೆಯ ಹೊಡೆತ ಎನ್ನೋಣ. ಗುಳಿಗೆ ಹಾಕುವ ಭರವಸೆ ಇಲ್ಲದಾಗ, ಬಿಳಿಯ ಚೆಂಡನ್ನು ಎದುರಾಳಿಯ ಗುರಿಗೆ ಮರೆಯಾಗಿ ನಿಲ್ಲಿಸುವುದೇ ಇದರ ಸಾರ. ಬಿಳಿಯ ಚೆಂಡನ್ನು ತಿರುಗಣೆಯಿಲ್ಲದೆ ಜಾರುವಂತೆ ಹೊಡೆದು, ಗುರಿಯ ಚೆಂಡಿನ ನಟ್ಟನಡುವೆ ತಾಗಿಸಿದರೆ, ಅದರ ವೇಗವೆಲ್ಲ ಗುರಿಯ ಚೆಂಡಿಗೆ ಸಂದು ಬಿಳಿಯದು ಇದ್ದಲ್ಲಿಯೇ ನಿಲ್ಲುತ್ತದೆ. ಅಂಚನ್ನು ಮಾತ್ರ ತೆಳುವಾಗಿ ಸವರಿದರೆ, ಗುರಿಯ ಚೆಂಡು ಅಲುಗಿದಂತಾಗಿ ಬಿಳಿಯದು ಬಹುದೂರ ಸಾಗುತ್ತದೆ. ಈ ಎರಡು ತತ್ತ್ವಗಳನ್ನು ಕೈವಶ ಮಾಡಿಕೊಂಡವನು ಒಂದನ್ನು ಮೇಜಿನ ಈ ತುದಿಯಲ್ಲಿಯೂ ಇನ್ನೊಂದನ್ನು ಆ ತುದಿಯಲ್ಲಿಯೂ ಇರಿಸಿ, ನಡುವೆ ಬೇರೆ ಚೆಂಡೊಂದನ್ನು ಗೋಡೆಯಾಗಿ ಬಿಡಬಲ್ಲನು. ಎದುರಾಳಿಗೆ ನೇರವಾದ ದಾರಿಯೇ ಇರುವುದಿಲ್ಲ. ಅಂಚಿನ ರಬ್ಬರಿಗೆ ಹೊಡೆದು, ಅಲ್ಲಿಂದ ಮರಳಿದ ಚೆಂಡು ಗುರಿಯನ್ನು ಮುಟ್ಟುವಂತೆ ಲೆಕ್ಕ ಹಾಕಬೇಕಾಗುತ್ತದೆ.

ಈ ವಿದ್ಯೆಯು ಬಲ್ಲವರ ಮೇಲಿಗಿಂತ ಎಳೆಯರ ಮೇಲೆ ಹೆಚ್ಚು ಕಠೋರವಾಗಿ ಕೆಲಸ ಮಾಡುತ್ತದೆ. ಎಳೆಯನಿಗೆ ಅಂಚಿನಿಂದ ಮರಳಿಸುವ ಲೆಕ್ಕ ಬಾರದು. ಆದುದರಿಂದ ಫೌಲ್ ಮಾಡುತ್ತಾನೆ. ದೈವವಶದಿಂದ ತಾಗಿಸಿದರೂ ತಿರುಗಿ ರಕ್ಷಣೆ ಮಾಡುವುದು ತಿಳಿಯದೆ ಸುಲಭದ ಹೊಡೆತವನ್ನು ಬಿಟ್ಟುಕೊಡುತ್ತಾನೆ. ಇನ್ನೂ ಒಂದು ಕಾರಣವುಂಟು. ಎಂಟು ಚೆಂಡಿನ ಆಟದಲ್ಲಿ ಎಳೆಯನು ಕಂಡ ಕಂಡ ಚೆಂಡನ್ನೆಲ್ಲ ಆತುರದಿಂದ ಕೆಡಹಿ ತಾನು ಮುಂದಿದ್ದೇನೆಂದು ಹಿಗ್ಗುತ್ತಾನೆ. ವಾಸ್ತವದಲ್ಲಿ ಅವನು ತನ್ನ ಮರೆಗಳನ್ನೇ ಕಳೆದುಕೊಂಡಿರುತ್ತಾನೆ. ಎದುರಾಳಿಯ ಚೆಂಡುಗಳೆಲ್ಲ ಮೇಜಿನ ಮೇಲಿದ್ದು, ಇವನಿಗೆ ಒಂದೇ ಗುರಿ ಉಳಿದಾಗ, ಆ ಒಂದನ್ನು ಮರೆಮಾಡುವುದು ಬಹಳ ಸುಲಭ. ಒಂಬತ್ತು ಚೆಂಡಿನ ಆಟದ ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ ಇದಕ್ಕಿಂತಲೂ ತೀಕ್ಷ್ಣವಾದ ಅಸ್ತ್ರವಿದೆ. ಒಬ್ಬನು ಸತತವಾಗಿ ಮೂರು ಸಲ ಫೌಲ್ ಮಾಡಿದರೆ ಆ ಆಟವನ್ನೇ ಸೋಲುತ್ತಾನೆ. ಆದುದರಿಂದ ಬಲ್ಲವನು ಬಿಳಿಯ ಚೆಂಡು ಕೈಗೆ ಬಂದಾಗಲೂ ಗುಳಿಯತ್ತ ನೋಡದೆ, ಮತ್ತೆ ಮತ್ತೆ ಮರೆಮಾಡಿ, ಚೆಂಡುಗಳನ್ನು ಕೆಡಹುವ ಶ್ರಮವಿಲ್ಲದೆಯೇ ಗೆಲ್ಲಬಹುದು.

ನಮ್ಮ ವಿದ್ಯಾರ್ಥಿಯ ಸಂಗತಿ ಇಂಥದೇ. ಅವನು ವಾರಕ್ಕೊಮ್ಮೆ ಎಂಟು ಚೆಂಡಿನ ಲೀಗ್ ಪಂದ್ಯಗಳಲ್ಲಿ ಆಡುತ್ತಾನೆ. ಅಂದು ಅವನೆದುರಿಗೆ ಬಂದವರು ಆಟಕ್ಕೆ ಹೊಸಬರಾದ ಒಬ್ಬ ವೃದ್ಧರು. ಪಂದ್ಯ ಗೆಲ್ಲಲು ಇವನಿಗೆ 7 ಆಟಗಳು ಬೇಕು, ಅವರಿಗೆ 2 ಸಾಕು; ಇದು ಅಲ್ಲಿಯ ಕಟ್ಟಳೆ. ಇವನು 6 ಗೆದ್ದಿದ್ದ, ಅವರು 1 ಗೆದ್ದಿದ್ದರು. ಕೊನೆಯ ಆಟದಲ್ಲಿ ಅವರು ತಮ್ಮ ಏಳು ಚೆಂಡುಗಳನ್ನೂ ಮುಗಿಸಿ ಕಪ್ಪು ಚೆಂಡಿಗೆ ಬಂದಿದ್ದರು. ಇವನ ನಾಲ್ಕು ಚೆಂಡುಗಳು ಉಳಿದಿದ್ದು, ಅವುಗಳಲ್ಲಿ ಒಂದು ಅಂಚಿಗೆ ಅಂಟಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುವವರೆಗೆ ಇವನು ಮೂರು ಸಲ ಕಪ್ಪು ಚೆಂಡನ್ನು ಮರೆಮಾಡಿದ. ಮೂರು ಸಲವೂ ಆ ವೃದ್ಧರು ಮೇಜಿನ ಸುತ್ತ ತಿರುಗಿ ನೋಡಿ, ಹೊಡೆದು, ತಪ್ಪಿದರು. ಬಳಿಕ ಇವನು ಎಲ್ಲವನ್ನೂ ಮುಗಿಸಿ ಗೆದ್ದ. ಅವರು ಕೈ ಕುಲುಕಿ, ಏನೂ ಆಡದೆ ಕೋಲನ್ನು ಚೀಲಕ್ಕೆ ಸೇರಿಸಿ ಹೊರಟುಹೋದರು. ಮುಂದಿನ ವಾರ ಬರಲಿಲ್ಲ. ಇವನ ತಂಡದವನೇ ಒಬ್ಬ, "ಅಂಥವರ ಮೇಲೆ ಇಷ್ಟು ಬೇಕಿತ್ತೆ?" ಎಂದನಂತೆ.

ಶಾಸ್ತ್ರದಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸುವುದು ಪದ್ಧತಿ. ಇಲ್ಲಿ ಮೂರು ಆಕ್ಷೇಪಗಳಿವೆ. ಮೊದಲನೆಯದು: ಆಟವಿರುವುದು ಚೆಂಡನ್ನು ಗುಳಿಗೆ ಹಾಕುವುದಕ್ಕೆ, ಅಡಗಿಸಿಡುವುದು ಆಟವೇ ಅಲ್ಲ. ಎರಡನೆಯದು: ಕೆಡಹುವ ವಿದ್ಯೆಯಲ್ಲಿಯೇ ಬಹಳ ಮೇಲಿರುವವನು ರಕ್ಷಣೆಯನ್ನೂ ಬಳಸುವುದು ನಿರ್ದಯೆ. ಮೂರನೆಯದು: ಹೀಗೆ ಸೋತ ಹೊಸಬರು ಆಟವನ್ನೇ ಬಿಟ್ಟುಹೋಗುತ್ತಾರೆ, ಅದರಿಂದ ಆಟಕ್ಕೇ ಹಾನಿ.

ಮೊದಲನೆಯ ಆಕ್ಷೇಪಕ್ಕೆ ಆಟದ ನಿಯಮಗಳೇ ಉತ್ತರ ಕೊಡುತ್ತವೆ. ಎಂಟು ಚೆಂಡಿನ ಆಟದ ಅಂತಾರಾಷ್ಟ್ರೀಯ ನಿಯಮದಲ್ಲಿ ಆಟಗಾರನು ಹೊಡೆಯುವ ಮುನ್ನ 'ಸೇಫ್ಟಿ' ಎಂದು ಬಾಯಿಬಿಟ್ಟು ಹೇಳಬಹುದು. ಹಾಗೆ ಹೇಳಿದಾಗ ಚೆಂಡು ಗುಳಿಗೆ ಬಿದ್ದರೂ ಸರದಿ ಎದುರಾಳಿಗೆ ಹೋಗುತ್ತದೆ. ನಿಯಮವೇ ಹೆಸರಿಟ್ಟು ಒಪ್ಪಿದುದನ್ನು ಆಟವಲ್ಲವೆನ್ನುವುದು ಹೇಗೆ? ಒನ್ ಪಾಕೆಟ್ ಎಂಬ ಪ್ರಕಾರದಲ್ಲಿ ಒಬ್ಬೊಬ್ಬನಿಗೆ ಒಂದೊಂದೇ ಗುಳಿ. ಅಲ್ಲಿ ಬಹುಪಾಲು ಆಟವೇ ರಕ್ಷಣೆ. ಪೂಲಿನ ಸೋದರ ಆಟವಾದ ಸ್ನೂಕರ್ ನಮ್ಮ ದೇಶದಲ್ಲಿಯೇ ಹುಟ್ಟಿದುದು. 1875ರಲ್ಲಿ ಜಬಲ್ಪುರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಆಂಗ್ಲ ಸೇನಾಧಿಕಾರಿ ಅದನ್ನು ರೂಪಿಸಿದನೆಂದೂ, ಮುಂದೆ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳು ಸಿದ್ಧವಾದವೆಂದೂ ಪ್ರಸಿದ್ಧಿಯಿದೆ. ಆ ಪದದ ಇತಿಹಾಸವು ಸ್ವಾರಸ್ಯಕರವಾದುದು. ಆಗಿನ ಸೈನಿಕರ ಆಡುಮಾತಿನಲ್ಲಿ 'ಸ್ನೂಕರ್' ಎಂದರೆ ಸೈನಿಕ ವಿದ್ಯಾಲಯಕ್ಕೆ ಹೊಸದಾಗಿ ಸೇರಿದ ಎಳೆಯ ವಿದ್ಯಾರ್ಥಿ. ಸುಲಭದ ಹೊಡೆತವನ್ನು ತಪ್ಪಿದವನನ್ನು ಚೇಂಬರ್ಲೇನ್ ಹಾಗೆಂದು ಹಾಸ್ಯ ಮಾಡಿದನಂತೆ. ಅದೇ ಆಟದ ಹೆಸರಾಯಿತು. ಇಂದು ಅದೇ ಪದಕ್ಕೆ, ಗುರಿ ಕಾಣದಂತೆ ಬಿಳಿಯ ಚೆಂಡನ್ನು ಮರೆಗೆ ನಿಲ್ಲಿಸಿದ ಸ್ಥಿತಿಯೆಂಬ ಅರ್ಥವೂ ಬಂದಿದೆ. ಎಳೆಯನೂ ಮರೆಯೂ ಒಂದೇ ಪದದಲ್ಲಿ ಸೇರಿವೆ. ಬೆಂಗಳೂರಿನಲ್ಲಿ ಬೆಳೆದು, 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದು, 2018ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದ ಪಂಕಜ್ ಅಡ್ವಾಣಿಯವರ ಆಟವನ್ನು ನೋಡಿದವರಿಗೆ, ಮರೆಗೆ ನಿಲ್ಲಿಸುವುದು ಎಷ್ಟು ಸೂಕ್ಷ್ಮವಾದ ಕಲೆಯೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು. ಅದಕ್ಕೆ ಉತ್ತರವು ಆ ಲೀಗಿನ ವ್ಯವಸ್ಥೆಯಲ್ಲಿಯೇ ಅಡಗಿದೆ. 1979ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾದ ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಯು ಹವ್ಯಾಸಿಗಳಿಗಾಗಿ ಇಂಥ ಲೀಗ್‌ಗಳನ್ನು ನಡೆಸುತ್ತದೆ. ಅಲ್ಲಿ ಎಂಟು ಚೆಂಡಿನ ಆಟಗಾರರಿಗೆ ಅವರ ಸಾಮರ್ಥ್ಯಕ್ಕೆ ತಕ್ಕಂತೆ 2ರಿಂದ 7ರವರೆಗೆ ದರ್ಜೆಗಳನ್ನು ಕೊಟ್ಟಿರುತ್ತಾರೆ. 7ನೆಯ ದರ್ಜೆಯವನು 2ನೆಯ ದರ್ಜೆಯವನನ್ನು ಎದುರಿಸಿದರೆ ಮೊದಲನೆಯವನು 7 ಆಟಗಳನ್ನೂ ಎರಡನೆಯವನು 2 ಆಟಗಳನ್ನೂ ಗೆಲ್ಲಬೇಕು. ಅಂದರೆ ಬಲಾಬಲದ ಅಂತರವನ್ನು ಅಳೆದು, ಎಳೆಯನಿಗೆ ಸಲ್ಲಬೇಕಾದ ರಿಯಾಯಿತಿಯನ್ನು ಆಟ ಮೊದಲಾಗುವ ಮುನ್ನವೇ, ಇಬ್ಬರೂ ಬಲ್ಲಂತೆ, ಬಹಿರಂಗವಾಗಿ ಕೊಟ್ಟಾಗಿದೆ. ಆ ಲೆಕ್ಕದಲ್ಲಿ ಬಲ್ಲವನ ರಕ್ಷಣಾ ಸಾಮರ್ಥ್ಯವೂ ಸೇರಿಯೇ ಇದೆ. ಆಮೇಲೆ ಅವನು ರಕ್ಷಣೆಯನ್ನು ಕೈಬಿಟ್ಟು ಆಡಿದರೆ, ಒಮ್ಮೆ ಕೊಟ್ಟುದನ್ನು ಯಾರಿಗೂ ತಿಳಿಯದಂತೆ ಎರಡನೆಯ ಸಲ ಕೊಟ್ಟಂತಾಗುತ್ತದೆ. ಅವನ ಗೆಲುವನ್ನು ನೆಚ್ಚಿ ಕುಳಿತ ತನ್ನ ತಂಡದವರಿಗೆ ಅದರಿಂದ ಅನ್ಯಾಯವಾಗುವುದಿಲ್ಲವೆ?

ನಮ್ಮ ನಾಡಕುಸ್ತಿಯ ಪದ್ಧತಿಯನ್ನು ನೆನೆದರೆ ಈ ತತ್ತ್ವವು ಸ್ಪಷ್ಟವಾಗುತ್ತದೆ. ಮೈಸೂರಿನ ದಸರಾ ಕುಸ್ತಿಗೆ ಮುನ್ನ ಹಿರಿಯರು ಕುಳಿತು ಪೈಲ್ವಾನರ ಜೋಡಿ ಕಟ್ಟುತ್ತಾರೆ. ಯಾರಿಗೆ ಯಾರು ಸಮ ಎಂಬ ವಿವೇಚನೆಯೆಲ್ಲ ಅಲ್ಲಿ. ಕರುಣೆಗೂ ನ್ಯಾಯಕ್ಕೂ ಅದೇ ತಕ್ಕ ಸ್ಥಳ. ಮಣ್ಣಿಗಿಳಿದು ಕೈ ಕೂಡಿಸಿದ ಮೇಲೆ ಪಟ್ಟನ್ನು ಸಡಿಲಿಸುವವನನ್ನು ಯಾರೂ ದಯಾಳುವೆಂದು ಹೊಗಳುವುದಿಲ್ಲ.

ಆ ಲೀಗಿನ ಇನ್ನೊಂದು ಕಟ್ಟಳೆಯು ನನಗೆ ಬಹಳ ಮೆಚ್ಚುಗೆಯಾಯಿತು. ಅಂಕ ಬರೆಯುವವನು ಪ್ರತಿಯೊಂದು ರಕ್ಷಣೆಯ ಹೊಡೆತವನ್ನೂ ಹಾಳೆಯಲ್ಲಿ ಗುರುತು ಮಾಡುತ್ತಾನೆ. ಆಟ ಮುಗಿಸಲು ಒಬ್ಬನು ಎಷ್ಟು ಸರದಿಗಳನ್ನು ತೆಗೆದುಕೊಂಡನೆಂಬುದರ ಮೇಲೆ ದರ್ಜೆಯು ನಿಲ್ಲುವುದರಿಂದ, ಬೇಕೆಂದೇ ಕೆಡಹದೆ ಬಿಟ್ಟುದನ್ನು ತಪ್ಪಿದ ಹೊಡೆತವೆಂದು ಎಣಿಸಬಾರದೆಂಬುದು ಇದರ ಉದ್ದೇಶ. ಹಾಗೆ ಗುರುತಿಸದಿದ್ದರೆ, ಬಲ್ಲವನು ಬಾರದವನಂತೆ ನಟಿಸಿ ದರ್ಜೆಯನ್ನು ಇಳಿಸಿಕೊಂಡು, ಸಲ್ಲದ ರಿಯಾಯಿತಿಯನ್ನು ಕದಿಯಬಹುದು. ದಯೆಯಿಂದ ಬಲವನ್ನು ಮರೆಮಾಚುವುದಕ್ಕೂ ಲೋಭದಿಂದ ಮರೆಮಾಚುವುದಕ್ಕೂ ಉದ್ದೇಶದಲ್ಲಿ ಭೇದವಿದೆ, ನಿಜ. ಆದರೆ ಎರಡರಲ್ಲಿಯೂ ಅಂಕದ ಹಾಳೆಯು ಸುಳ್ಳನ್ನೇ ಹೇಳುತ್ತದೆ.

ಮೂರನೆಯ ಆಕ್ಷೇಪವನ್ನು ನಾನು ಪೂರ್ತಿಯಾಗಿ ತಳ್ಳಿಹಾಕಲಾರೆ. ಆ ವೃದ್ಧರು ಮುಂದಿನ ವಾರ ಬರಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ಆದರೆ ಇದಕ್ಕೆ ಪರಿಹಾರವು ರಕ್ಷಣೆಯನ್ನು ಬಿಡುವುದರಲ್ಲಿದೆಯೆ? ಮರೆಯನ್ನು ಎಂದೂ ಎದುರಿಸದವನು ಮರೆಯಿಂದ ಹೊರಬರುವ ವಿದ್ಯೆಯನ್ನು ಕಲಿಯುವುದೆಂದು? ಫಿಲಿಪೈನ್ಸ್ ದೇಶದ ಎಫ್ರೆನ್ ರೆಯೆಸ್ ಎಂಬ ಮಹಾನ್ ಆಟಗಾರನ ಒಂದು ಹೊಡೆತವು ಪೂಲ್ ಲೋಕದಲ್ಲಿ ಇಂದಿಗೂ ಮನೆಮಾತಾಗಿದೆ. 1995ರಲ್ಲಿ ಅಮೆರಿಕದ ರೀನೋ ನಗರದಲ್ಲಿ ನಡೆದ ಪಂದ್ಯದ ನಿರ್ಣಾಯಕ ಆಟದಲ್ಲಿ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಅವನ ಗುರಿಯನ್ನು ಮರೆಮಾಡಿದ. ರೆಯೆಸ್ ಬಿಳಿಯ ಚೆಂಡನ್ನು ಎರಡು ಅಂಚುಗಳಿಗೆ ತಾಗಿಸಿ ಮರಳಿಸಿ, ಗುರಿಯನ್ನು ಮುಟ್ಟಿದುದು ಮಾತ್ರವಲ್ಲದೆ ಅದನ್ನು ಗುಳಿಗೂ ಹಾಕಿ ಗೆದ್ದ. ಆ ಮರೆಯಿಲ್ಲದಿದ್ದರೆ ಆ ಹೊಡೆತವು ಹುಟ್ಟುತ್ತಲೇ ಇರಲಿಲ್ಲ. ಮೇಜಿನ ಅಂಚಿನಲ್ಲಿ ಸಮಾನ ಅಂತರದಲ್ಲಿ ಕೂರಿಸಿದ ಚುಕ್ಕೆಗಳಿವೆ. ಅವುಗಳನ್ನು ಎಣಿಸಿ, ಚೆಂಡು ಯಾವ ಕೋನದಲ್ಲಿ ಮರಳುವುದೆಂದು ಲೆಕ್ಕ ಹಾಕುವ ವಿಧಾನವಿದೆ. ಮರೆಗೆ ಸಿಕ್ಕವನಿಗೆ ಮಾತ್ರ ಆ ಚುಕ್ಕೆಗಳ ಬೆಲೆ ತಿಳಿಯುತ್ತದೆ.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳುವುದು ಉಚಿತ. ಹಲವು ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ ಅಧ್ಯಾಪಕನಾಗಿದ್ದಾಗ, ಚರ್ಚಾಸ್ಪರ್ಧೆಗೆಂದು ಇಬ್ಬರು ಹುಡುಗರನ್ನು ಸಿದ್ಧಪಡಿಸುತ್ತಿದ್ದೆ. ಒಬ್ಬನು ಚುರುಕು, ಇನ್ನೊಬ್ಬನು ಅಂಜುಬುರುಕ. ಚುರುಕಿನವನನ್ನು ಬೇರೆಯಾಗಿ ಕರೆದು, "ಅವನಿಗೆ ಕಠಿಣವಾದ ಪ್ರಶ್ನೆ ಹಾಕಬೇಡಪ್ಪಾ, ಧೈರ್ಯಗೆಟ್ಟಾನು" ಎಂದಿದ್ದೆ. ಅಂಜುಬುರುಕನು ತನ್ನ ವಾದಕ್ಕೆ ಎದುರೇ ಇಲ್ಲವೆಂದು ನಂಬಿ ಸ್ಪರ್ಧೆಗೆ ಹೋದ. ಅಲ್ಲಿ ಮೊದಲನೆಯ ಪ್ರಶ್ನೆಗೇ ಮಾತು ನಿಂತು, ತುಂಬಿದ ಸಭೆಯ ಮುಂದೆ ತಲೆತಗ್ಗಿಸಿ ನಿಂತ. ಮರಳುವಾಗ ಬಸ್ಸಿನಲ್ಲಿ ಅವನು, "ಗುರುಗಳೆ, ಈ ಪ್ರಶ್ನೆಯನ್ನು ನಮ್ಮಲ್ಲೇ ಯಾರಾದರೂ ಮೊದಲು ಕೇಳಿದ್ದರೆ ಚೆನ್ನಾಗಿತ್ತು" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಕಠಿಣ ಪ್ರಶ್ನೆಯನ್ನು ತಡೆದುದಕ್ಕಿಂತ, ತಡೆದೆನೆಂಬುದನ್ನು ಅವನಿಗೆ ತಿಳಿಸದಿದ್ದುದೇ ನನ್ನ ದೊಡ್ಡ ತಪ್ಪು. "ಇಂದು ಸುಲಭದ ಪ್ರಶ್ನೆಗಳು ಮಾತ್ರ, ಕಠಿಣವಾದವು ಮುಂದಿವೆ" ಎಂದಿದ್ದರೆ ಅದು ಪಾಠವಾಗುತ್ತಿತ್ತು. ಹೇಳದೆ ಹೋದುದರಿಂದ ವಂಚನೆಯಾಯಿತು.

ಇಷ್ಟರಿಂದ, ನಿಯಮದ ನೆರಳಿನಲ್ಲಿ ಮಾಡಿದುದೆಲ್ಲವೂ ಸಲ್ಲುವುದೆಂದು ಯಾರೂ ತಿಳಿಯಬಾರದು. ರನ್ನನ ಗದಾಯುದ್ಧವನ್ನು ಓದಿದವರೆಲ್ಲರೂ ಭೀಮನು ದುರ್ಯೋಧನನ ತೊಡೆಯನ್ನು ಮುರಿದ ಪ್ರಸಂಗವನ್ನು ಬಲ್ಲರು. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಭೀಮನ ಪಕ್ಷದಲ್ಲಿ ಎಷ್ಟೇ ಕಾರಣಗಳಿದ್ದರೂ ಆ ಏಟನ್ನು ಕುರಿತ ವಾದವು ಇಂದಿಗೂ ಮುಗಿದಿಲ್ಲ. ರಕ್ಷಣೆಯ ಹೊಡೆತವು ಅಂಥದಲ್ಲ. ಅದು ನಿಯಮದ ಒಳಗೇ ಇದೆ. ಆದರೂ ಅದರ ಪಕ್ಕದಲ್ಲಿಯೇ ಕೆಲವು ದುರ್ನಡತೆಗಳು ಸುಳಿಯುತ್ತವೆ. ಎದುರಾಳಿಯ ತಾಳ್ಮೆ ಕೆಡಲೆಂದು ಪ್ರತಿಯೊಂದು ಹೊಡೆತಕ್ಕೂ ಬೇಕಿಲ್ಲದೆ ತಡಮಾಡುವುದು ಒಂದು; ಕೆಲವು ದೊಡ್ಡ ಪಂದ್ಯಗಳಲ್ಲಿ ಹೊಡೆತಕ್ಕೆ 30 ಸೆಕೆಂಡುಗಳ ಮಿತಿಯನ್ನಿಟ್ಟಿರುವುದು ಇದರಿಂದಲೇ. ಮರೆಗೆ ಸಿಕ್ಕವನನ್ನು ನೋಡಿ ನಗುವುದು ಇನ್ನೊಂದು. ಮೂರನೆಯದು ಇವೆಲ್ಲಕ್ಕಿಂತ ಸೂಕ್ಷ್ಮವಾದುದು: ನೇರವಾಗಿ ಆಡಿ ಮುಗಿಸಬಲ್ಲ ಸ್ಥಿತಿಯಿದ್ದರೂ, ಎದುರಿನವನು ಪರದಾಡುವುದನ್ನು ನೋಡಬೇಕೆಂಬ ಆಸೆಗಾಗಿ ಮರೆಮಾಡುತ್ತ ಹೋಗುವುದು. ಅಲ್ಲಿ ರಕ್ಷಣೆಗೆ ಏನೂ ಉಳಿದಿರುವುದಿಲ್ಲ, ಉಳಿದಿರುವುದು ಹಿಂಸೆ. ಗೆಲ್ಲಲು ಇದು ಬೇಕೆ ಎಂದು ತನ್ನನ್ನು ತಾನೇ ಕೇಳಿಕೊಂಡರೆ ಸಾಕು, ಎರಡರ ನಡುವಿನ ಗೆರೆ ಕಾಣುತ್ತದೆ. ಮೂರು ಫೌಲ್‌ಗಳ ನಿಯಮವನ್ನು ಮಾಡಿದವರೂ ಇದನ್ನು ಬಲ್ಲವರೇ. ಎರಡು ಫೌಲ್‌ಗಳಾದ ಮೇಲೆ ಆ ಸಂಗತಿಯನ್ನು ಎದುರಾಳಿಗೆ ತಿಳಿಸಿ ಎಚ್ಚರಿಸತಕ್ಕದ್ದೆಂದು ಅವರು ವಿಧಿಸಿದ್ದಾರೆ. ಕಠೋರವಾದ ನಿಯಮದೊಳಗೂ ಸೌಜನ್ಯಕ್ಕೆ ಎಡೆಯಿದೆ.

ನಮ್ಮ ವಿದ್ಯಾರ್ಥಿಗೆ ನಾನು ಕೇಳಿದುದು ಎರಡೇ ಪ್ರಶ್ನೆ. "ಆ ಮೂರು ಸಲವೂ ನಿನಗೆ ಬೇರೆ ದಾರಿಯಿತ್ತೆ?" "ಇರಲಿಲ್ಲ ಗುರುಗಳೆ. ಅಂಚಿನ ಚೆಂಡು ಬಿಡದೆ ಮುಗಿಸುವಂತಿರಲಿಲ್ಲ." "ಆಟ ಮುಗಿದ ಮೇಲೆ ಆ ಹಿರಿಯರೊಡನೆ ಏನಾದರೂ ಮಾತಾಡಿದೆಯಾ?" ಅವನು ತಲೆಯಲ್ಲಾಡಿಸಿದ. ತಂಡದವರು ಗೆಲುವಿಗೆ ಸಂತೋಷಪಡುತ್ತಿದ್ದರು. ಅವರೊಳಗೆ ಸೇರಿಹೋದೆ ಎಂದ. ಆಗ ನಾನು ಹೇಳಿದೆ: "ಮೇಜಿನ ಮೇಲೆ ನೀನು ತಪ್ಪು ಮಾಡಿಲ್ಲಪ್ಪಾ. ತಪ್ಪಾದುದು ಮೇಜಿನಿಂದ ಈಚೆಗೆ ಬಂದ ಮೇಲೆ. ಅವರ ವಿಳಾಸ ಹುಡುಕು. ಹೋಗಿ ಆ ಮೂರು ಮರೆಗಳನ್ನೂ ತಿರುಗಿ ಜೋಡಿಸಿ, ಯಾವ ಚುಕ್ಕೆಗೆ ಹೊಡೆದಿದ್ದರೆ ಚೆಂಡು ತಾಗುತ್ತಿತ್ತೆಂಬುದನ್ನು ತೋರಿಸು. ಏಳು ಚೆಂಡುಗಳನ್ನು ಮುಗಿಸಲು ಅವರು ಏಕೆ ಆತುರಪಡಬಾರದಿತ್ತೆಂಬುದನ್ನೂ ಹೇಳು. ಕಲಿತ ಮೇಲೆ ಅವರು ನಿನ್ನ ಮೇಲೆಯೇ ಅದನ್ನು ಬಳಸಲಿ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗೆಯೇ ಆಗಲಿ" ಎಂದು ಎದ್ದ.

ಪಂದ್ಯದಲ್ಲಿ ಪೂರ್ಣ ಬಲ, ಪಂದ್ಯಕ್ಕೆ ಮುನ್ನ ಬಹಿರಂಗವಾದ ರಿಯಾಯಿತಿ, ಪಂದ್ಯದ ತರುವಾಯ ಬಿಚ್ಚುಮನಸ್ಸಿನ ಬೋಧನೆ: ಬಲ್ಲವನು ಎಳೆಯನಿಗೆ ಸಲ್ಲಿಸಬೇಕಾದುದು ಈ ಮೂರು. ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಮಾಡುವವನು ಕಠೋರನೆನಿಸಿಕೊಳ್ಳುತ್ತಾನೆ. ಅದನ್ನು ಬಿಟ್ಟು ಕನಿಕರವನ್ನಷ್ಟೇ ತೋರುವವನು ಎಳೆಯನನ್ನು ಎಳೆಯನಾಗಿಯೇ ಉಳಿಸುತ್ತಾನೆ. ಅಧ್ಯಾಪಕರಾದ ನಮಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅನ್ನ, ಅಕ್ಷರ, ಆಶ್ರಯಗಳ ದಾಸೋಹದಿಂದ ಬೆಳೆದ ಈ ವಿದ್ಯಾಸಂಸ್ಥೆಯಲ್ಲಿ ಹಿಂದುಳಿದ ಮಗುವಿಗೆ ಕೈ ನೀಡುವುದು ಮೊದಲಿನಿಂದಲೂ ನಡೆದುಬಂದ ಧರ್ಮ. ಆ ಕೈಯು ಮಗುವಿನ ಕಣ್ಣಿಗೆ ಕಾಣುವಂತಿರಲಿ. ಅದನ್ನು ಹಿಡಿದು ಎದ್ದುನಿಂತ ಮೇಲೆ ನಮ್ಮ ಮಕ್ಕಳು ಲೋಕದ ಯಾವ ಮರೆಯ ಮುಂದೆಯೂ ದಾರಿಗಾಣದೆ ನಿಲ್ಲದಿರಲೆಂದು ಪೂಜ್ಯ ಗುರುಗಳ ಸನ್ನಿಧಿಯಲ್ಲಿ ಪ್ರಾರ್ಥಿಸಿ ಈ ಬರಹವನ್ನು ಮುಗಿಸುತ್ತೇನೆ.